ಗಂಡನನ್ನು ದಡ ಮುಟ್ಟಿಸಿದವರ ಸಂಘ

ಡೇಮ್ಸ್ ಕ್ಲಬ್ ಎಂಬುದು ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಓದುತ್ತಿದ್ದ ಗಂಡಸರ ಹೆಂಡತಿಯರು ಕಟ್ಟಿಕೊಂಡಿದ್ದ ಸಂಘ. ಕೆಲವು ಕಡೆ ಮದುವೆಯಾದ ವಿದ್ಯಾರ್ಥಿನಿಯರಿಗೂ ಅಲ್ಲಿ ಜಾಗವಿತ್ತು. ಆದರೆ ಬಹುಪಾಲು ಸದಸ್ಯೆಯರಿಗೆ ಬೇಕಿದ್ದ ಅರ್ಹತೆ ಒಂದೇ: ಗಂಡನ ಹೆಸರು ವಿಶ್ವವಿದ್ಯಾಲಯದ ಹಾಜರಿಯಲ್ಲಿರಬೇಕು. ಅವನ ಓದು ಮುಗಿದರೆ ಇವಳ ಸದಸ್ಯತ್ವವೂ ಮುಗಿಯಿತು. ಹೀಗೆ ಎರಡು ಮೂರು ವರ್ಷಕ್ಕೊಮ್ಮೆ ಸದಸ್ಯರೆಲ್ಲ ಬದಲಾಗಿಬಿಡುವ ಸಂಘ ಹೆಚ್ಚು ದಿನ ಬಾಳುವುದು ಕಷ್ಟ. ಆದರೂ ಡೇಮ್ಸ್ ಕ್ಲಬ್ಬುಗಳು ಮುಕ್ಕಾಲು ಶತಮಾನ ಬಾಳಿದವು. ಮನೆ ಬಿಟ್ಟು ದೂರದ ಊರಿಗೆ ಬಂದು, ಗಂಡ ಬೆಳಗಿನಿಂದ ರಾತ್ರಿಯವರೆಗೆ ಗ್ರಂಥಾಲಯದಲ್ಲಿ ಕುಳಿತಿರುವಾಗ ಒಂಟಿಯಾಗಿ ಉಳಿಯುವ ಹೆಂಗಸರು ಪ್ರತಿ ವರ್ಷವೂ ಹೊಸದಾಗಿ ಬರುತ್ತಿದ್ದುದೇ ಅದಕ್ಕೆ ಕಾರಣ.

ಈ ಸಂಘಗಳ ಮೂಲ ಹತ್ತೊಂಬತ್ತನೆಯ ಶತಮಾನದ ಕೊನೆಯ ಕಾಲದಲ್ಲಿದೆ. ಅಲ್ಲಿಯವರೆಗೆ ಅಮೆರಿಕದ ಕಾಲೇಜು ಎಂದರೆ ಹದಿನೆಂಟು ಇಪ್ಪತ್ತರ ಹುಡುಗರ ತಾಣ. ವಿದ್ಯಾರ್ಥಿಗೆ ಮದುವೆ ಎಂಬ ಮಾತೇ ಇರಲಿಲ್ಲ. 1876ರಲ್ಲಿ ಬಾಲ್ಟಿಮೋರಿನಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯ ಜರ್ಮನಿಯ ಮಾದರಿಯಲ್ಲಿ ಸಂಶೋಧನಾ ಪದವಿಗಳಿಗೆ ಬಾಗಿಲು ತೆರೆದ ಮೇಲೆ ಹೊಸ ಬಗೆಯ ವಿದ್ಯಾರ್ಥಿ ಕಾಣಿಸಿಕೊಂಡ. ಕೆಲವು ವರ್ಷ ಶಾಲೆಯಲ್ಲಿ ಪಾಠ ಹೇಳಿದವನು, ಚರ್ಚಿನಲ್ಲಿ ಪಾದ್ರಿಯಾಗಿದ್ದವನು, ಮೂವತ್ತರ ಅಂಚಿನಲ್ಲಿರುವವನು, ಪಿಎಚ್.ಡಿ. ಮಾಡಲು ಬರುವಾಗ ಹೆಂಡತಿಯನ್ನೂ ಒಂದೆರಡು ಮಕ್ಕಳನ್ನೂ ಕರೆತಂದವನು. ಹಾರ್ವರ್ಡಿನಲ್ಲಿ ಇಂಥವರ ಮಡದಿಯರಿಗಾಗಿ 1890ರ ದಶಕದಲ್ಲಿ ಹಾರ್ವರ್ಡ್ ಡೇಮ್ಸ್ ಎಂಬ ಸಂಘ ಹುಟ್ಟಿತು. ಷಿಕಾಗೊ, ಮಿಷಿಗನ್, ಇಲಿನಾಯ್, ಪರ್ಡ್ಯೂ ಹೀಗೆ ಒಂದೊಂದೇ ವಿಶ್ವವಿದ್ಯಾಲಯ ಅದೇ ಹೆಸರನ್ನು ಹಿಡಿಯಿತು. 1920ರ ದಶಕದ ಹೊತ್ತಿಗೆ ಬಿಡಿಬಿಡಿಯಾಗಿದ್ದ ಈ ಸಂಘಗಳು ಕೂಡಿ ನ್ಯಾಷನಲ್ ಅಸೋಸಿಯೇಷನ್ ಆಫ್ ಯೂನಿವರ್ಸಿಟಿ ಡೇಮ್ಸ್ ಎಂಬ ರಾಷ್ಟ್ರಮಟ್ಟದ ಒಕ್ಕೂಟವನ್ನೂ ಮಾಡಿಕೊಂಡವು.

'ಡೇಮ್' ಎಂಬ ಪದದಲ್ಲೇ ಒಂದು ತಮಾಷೆಯಿದೆ. ಹಳೆಯ ಬಳಕೆಯಲ್ಲಿ ಅದು ಮನೆಯೊಡತಿ, ಗೌರವಸ್ಥ ಹೆಂಗಸು. ಇಂಗ್ಲೆಂಡಿನಲ್ಲಿ ಇಂದಿಗೂ ಅದು ದೊರೆ ಕೊಡುವ ಬಿರುದು. ಅಮೆರಿಕದ ಬೀದಿ ಮಾತಿನಲ್ಲಿ ಮಾತ್ರ, ಅದರಲ್ಲೂ ಮೂವತ್ತು ನಲವತ್ತರ ದಶಕದ ಸಿನಿಮಾಗಳಲ್ಲಿ, ಅದೇ ಪದ ಹೆಂಗಸನ್ನು ಹಗುರವಾಗಿ ಕರೆಯುವ ಮಾತಾಯಿತು. ಸಂಘ ಗೌರವದ ಅರ್ಥದಲ್ಲಿ ಇಟ್ಟುಕೊಂಡ ಹೆಸರನ್ನು ಹೊರಗಿನವರು ಇನ್ನೊಂದು ಅರ್ಥದಲ್ಲಿ ಕೇಳಿ ನಗುವ ಕಾಲ ಬಂತು.

ವಿಶ್ವವಿದ್ಯಾಲಯದ ಆವರಣದಲ್ಲಿ ಇದೊಂದೇ ಹೆಂಡತಿಯರ ಸಂಘವಾಗಿರಲಿಲ್ಲ. ಪ್ರಾಧ್ಯಾಪಕರ ಮಡದಿಯರದು ಬೇರೆಯೇ ಕೂಟ. ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ, ಅಂದರೆ ಎಂಐಟಿಯಲ್ಲಿ, ಅಧ್ಯಕ್ಷ ರಿಚರ್ಡ್ ಮ್ಯಾಕ್ಲಾರಿನ್ ಅವರ ಪತ್ನಿ ಆಲಿಸ್ 1913ರಲ್ಲಿ ಟೆಕ್ನಾಲಜಿ ಮೇಟ್ರನ್ಸ್ ಎಂಬ ಸಂಘ ಕಟ್ಟಿದರು. ವಿದ್ಯಾರ್ಥಿಗಳ ಹೆಂಡತಿಯರದು ಟೆಕ್ನಾಲಜಿ ಡೇಮ್ಸ್. ಹೊರಗಿನವರಿಗೆ ಎರಡೂ ಒಂದೇ. ಒಳಗಿನವರಿಗೆ ನಡುವೆ ಒಂದು ಮೆಟ್ಟಿಲಿತ್ತು. ಗಂಡ ಪ್ರಾಧ್ಯಾಪಕನಾದಾಗ ಹೆಂಡತಿ ಆ ಮೆಟ್ಟಿಲನ್ನು ಹತ್ತಬೇಕು. ನಮ್ಮ ಸರ್ಕಾರಿ ಕ್ವಾರ್ಟರ್ಸುಗಳ ಲೇಡೀಸ್ ಕ್ಲಬ್ಬಿನಲ್ಲಿ ಚೀಫ್ ಎಂಜಿನಿಯರರ ಹೆಂಡತಿ ತಾನಾಗಿಯೇ ಅಧ್ಯಕ್ಷೆಯಾಗುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಡೇಮ್ಸ್ ಕ್ಲಬ್ಬುಗಳಿಗೂ ವಿಶ್ವವಿದ್ಯಾಲಯದ ಅಧ್ಯಕ್ಷರ ಪತ್ನಿ ಅಥವಾ ಹಿರಿಯ ಪ್ರಾಧ್ಯಾಪಕರ ಪತ್ನಿಯರು ಪೋಷಕಿಯರಾಗಿರುತ್ತಿದ್ದರು.

ವರ್ಷದ ಮೊದಲ ಸಭೆ ಸಾಮಾನ್ಯವಾಗಿ ಒಂದು ಟೀ ಪಾರ್ಟಿ. ಬಿಳಿ ಹಾಸಿನ ಉದ್ದನೆಯ ಮೇಜು, ಒಂದು ತುದಿಯಲ್ಲಿ ಬೆಳ್ಳಿಯ ಟೀ ಪಾತ್ರೆ, ಇನ್ನೊಂದು ತುದಿಯಲ್ಲಿ ಕಾಫಿ. ಪಾತ್ರೆಯ ಹಿಂದೆ ಕುಳಿತು ಒಬ್ಬೊಬ್ಬರಿಗೂ ಬಗ್ಗಿಸಿ ಕೊಡುವುದು ಆಳಿನ ಕೆಲಸವಲ್ಲ, ಮರ್ಯಾದೆಯ ಕೆಲಸ. ಆ ಕುರ್ಚಿಗೆ ಯಾರನ್ನು ಕರೆಯಬೇಕು ಎಂಬುದನ್ನು ವಾರಗಳ ಮೊದಲೇ ಗೊತ್ತುಮಾಡುತ್ತಿದ್ದರು. ಕೈಗವಸು ತೊಟ್ಟು, ಟೋಪಿ ಧರಿಸಿ ಬಂದ ಹೊಸಬಳು ಅಲ್ಲಿ ಕಲಿಯುತ್ತಿದ್ದುದು ಟೀ ಕುಡಿಯುವುದನ್ನಲ್ಲ. ಮುಂದೆ ಪ್ರಾಧ್ಯಾಪಕನ, ವೈದ್ಯನ, ವಕೀಲನ ಹೆಂಡತಿಯಾಗಿ ಹೇಗೆ ನಡೆದುಕೊಳ್ಳಬೇಕು ಎಂಬ ತಾಲೀಮು ಅಲ್ಲಿ ನಡೆಯುತ್ತಿತ್ತು. ಉಳಿದಂತೆ ಕಾರ್ಯಕ್ರಮಗಳು ಯಾವ ಊರಿನ ಮಹಿಳಾ ಸಮಾಜಕ್ಕೂ ಒಪ್ಪುವಂಥವು: ಇಸ್ಪೀಟಿನ ಬ್ರಿಡ್ಜ್ ಆಟ, ಹೊಲಿಗೆ, ಪುಸ್ತಕದ ಓದು, ಎಳೆಮಕ್ಕಳ ತಾಯಂದಿರ ಗುಂಪು, ಕ್ರಿಸ್‌ಮಸ್ ಔತಣ, ಬೇಸಿಗೆಯಲ್ಲಿ ಪಿಕ್‌ನಿಕ್.

1940ರವರೆಗೆ ಈ ಸಂಘಗಳು ಚಿಕ್ಕವಾಗಿಯೇ ಇದ್ದವು. ಕೆಳ ಪದವಿಯ ವಿದ್ಯಾರ್ಥಿ ಮದುವೆಯಾದರೆ ಅನೇಕ ಕಾಲೇಜುಗಳಲ್ಲಿ ಅವನು ಅನುಮತಿ ಕೇಳಬೇಕಿತ್ತು, ಇಲ್ಲವೇ ಜಾಗ ಖಾಲಿ ಮಾಡಬೇಕಿತ್ತು. ವೆಸ್ಟ್ ಪಾಯಿಂಟಿನ ಸೈನಿಕ ಅಕಾಡೆಮಿಯಲ್ಲಿ ಓದುವವರು ಮದುವೆಯಾಗಿರಬಾರದು ಎಂಬ ನಿಯಮ ಇಂದಿಗೂ ಇದೆ. ಚಿತ್ರ ಪೂರ್ತಿ ಬದಲಾದದ್ದು ಎರಡನೆಯ ಮಹಾಯುದ್ಧದ ಕೊನೆಯಲ್ಲಿ.

1944ರ ಜೂನ್ 22ರಂದು ಅಧ್ಯಕ್ಷ ಫ್ರ್ಯಾಂಕ್ಲಿನ್ ರೂಸ್‌ವೆಲ್ಟ್ ಸಹಿ ಹಾಕಿದ ಒಂದು ಕಾಯ್ದೆ, ಜನರ ಬಾಯಲ್ಲಿ ಜಿಐ ಬಿಲ್, ಯುದ್ಧದಿಂದ ಮರಳಿದ ಸೈನಿಕರಿಗೆ ಕಾಲೇಜಿನ ದಾರಿ ತೆರೆಯಿತು. ವರ್ಷಕ್ಕೆ 500 ಡಾಲರಿನವರೆಗೆ ಶುಲ್ಕವನ್ನು ಸರ್ಕಾರವೇ ಕಟ್ಟುತ್ತಿತ್ತು. ಜೊತೆಗೆ ಜೀವನ ನಿರ್ವಹಣೆಗೆ ಒಂಟಿಯಾಗಿದ್ದವನಿಗೆ ತಿಂಗಳಿಗೆ 50 ಡಾಲರ್, ಸಂಸಾರವಂದಿಗನಿಗೆ 75. 1945ರ ಕೊನೆಯ ತಿದ್ದುಪಡಿಯಲ್ಲಿ ಇವು 65 ಮತ್ತು 90 ಆದವು. ಸುಮಾರು 22 ಲಕ್ಷ ಮಾಜಿ ಸೈನಿಕರು ಈ ಸೌಲಭ್ಯದಿಂದ ಕಾಲೇಜು ಮೆಟ್ಟಿಲು ಹತ್ತಿದರು. 1947ರಲ್ಲಿ ದೇಶದ ಒಟ್ಟು ಕಾಲೇಜು ವಿದ್ಯಾರ್ಥಿಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಅವರೇ. ಅವರಲ್ಲಿ ಬಹಳಷ್ಟು ಮಂದಿ ಮದುವೆಯಾದವರು, ಹಲವರಿಗೆ ಮಕ್ಕಳೂ ಇದ್ದವು. ಯುದ್ಧ ಮುಗಿಸಿ ಬಂದವನಿಗೆ, ಮದುವೆಯಾದರೆ ಹಾಸ್ಟೆಲಿನಿಂದ ಹೊರಗೆ ಹಾಕುತ್ತೇವೆ ಎಂದು ಯಾವ ಪ್ರಾಂಶುಪಾಲನೂ ಹೇಳುವಂತಿರಲಿಲ್ಲ. ವಿವಾಹಿತ ವಿದ್ಯಾರ್ಥಿ ಎಂಬ ಹೊಸ ವರ್ಗವೊಂದು ರಾತ್ರೋರಾತ್ರಿ ಸಿದ್ಧವಾಯಿತು.

ಅವರನ್ನು ಇರಿಸಲು ಮನೆಗಳಿರಲಿಲ್ಲ. ಯುದ್ಧಕಾಲದಲ್ಲಿ ಕಾರ್ಖಾನೆ ಕೆಲಸಗಾರರಿಗೂ ಸೈನಿಕರಿಗೂ ಎಬ್ಬಿಸಿದ್ದ ತಾತ್ಕಾಲಿಕ ಕಟ್ಟಡಗಳನ್ನು ಸರ್ಕಾರ ಬಿಚ್ಚಿ, ಲಾರಿಗಳಲ್ಲಿ ಹೇರಿ, ವಿಶ್ವವಿದ್ಯಾಲಯಗಳ ಹೊಲ ಮೈದಾನಗಳಲ್ಲಿ ಮತ್ತೆ ಜೋಡಿಸಿತು. ತುಂಬ ಕಡೆ ಕಂಡದ್ದು ಕ್ವಾನ್‌ಸೆಟ್ ಗುಡಿಸಲು: ಉಬ್ಬುತಗ್ಗಿನ ತಗಡನ್ನು ಕಮಾನಿನಂತೆ ಬಗ್ಗಿಸಿ ನೆಲಕ್ಕೆ ಕವುಚಿ ಹಾಕಿದ ಅರ್ಧ ಪೀಪಾಯಿ. ಅದರ ಸಾಮಾನ್ಯ ಅಳತೆ 20 ಅಡಿ ಅಗಲ, 48 ಅಡಿ ಉದ್ದ. ನಡುವೆ ಒಂದು ತೆಳು ಗೋಡೆ ಎಳೆದರೆ ಎರಡು ಸಂಸಾರಕ್ಕೆ ಮನೆ. ಗೋಡೆಯೇ ಬಾಗಿರುವುದರಿಂದ ಬೀರುವನ್ನು ಒತ್ತಿ ನಿಲ್ಲಿಸುವಂತಿಲ್ಲ, ಚಿತ್ರ ತೂಗುಹಾಕುವಂತಿಲ್ಲ. ಎತ್ತರದ ಗಂಡಸು ಗೋಡೆಯ ಬದಿಗೆ ಹೋದರೆ ತಲೆ ತಗ್ಗಿಸಬೇಕು. ಬೇಸಿಗೆಯಲ್ಲಿ ಕಾದ ಹೆಂಚು, ಚಳಿಗಾಲದಲ್ಲಿ ತಗಡಿನ ಒಳಮೈಗೆ ನೀರ ಹನಿ. ಪಕ್ಕದ ಮನೆಯ ಮಗು ಅತ್ತರೆ ಈ ಮನೆಯ ಮಗುವೂ ಎದ್ದಿತು. ಅಂಥ ಗೋಡೆಯ ಆಚೀಚೆ ಇಬ್ಬರು ಗಂಡಂದಿರು ಪರೀಕ್ಷೆಗೆ ಓದಬೇಕಿತ್ತು.

ವಿಸ್ಕಾನ್ಸಿನ್ ವಿಶ್ವವಿದ್ಯಾಲಯ ತನ್ನ ಸಂಸಾರಸ್ಥ ವಿದ್ಯಾರ್ಥಿಗಳನ್ನು ಮ್ಯಾಡಿಸನ್ ನಗರದಿಂದ ಸುಮಾರು 35 ಮೈಲಿ ದೂರದ ಒಂದು ಮದ್ದುಗುಂಡು ಕಾರ್ಖಾನೆಯ ವಸತಿಗೆ ಕಳಿಸಿತು. ಅದಕ್ಕೆ ಬ್ಯಾಜರ್ ವಿಲೇಜ್ ಎಂದು ಹೆಸರಾಯಿತು. ಹಾರ್ವರ್ಡಿನವರು ಅಷ್ಟೇ ದೂರದ ಫೋರ್ಟ್ ಡೆವೆನ್ಸ್ ಸೇನಾ ನೆಲೆಯ ಕಟ್ಟಡಗಳನ್ನು ಹಾರ್ವರ್ಡೆವೆನ್ಸ್ ಎಂಬ ಹೆಸರಿನಲ್ಲಿ ಬಳಸಿಕೊಂಡರು. ಗಂಡಂದಿರು ಬೆಳಗ್ಗೆ ಬಸ್ಸು ಹಿಡಿದರೆ ಇಡೀ ಊರು ಹೆಂಗಸರದೂ ಮಕ್ಕಳದೂ. ಇಂಥ ಊರುಗಳಲ್ಲಿ ಸಂಘ ಎಂಬುದು ಹೊತ್ತು ಕಳೆಯುವ ಸಾಧನವಾಗಿ ಉಳಿಯಲಿಲ್ಲ. ಶಿಶುವಿಹಾರ ನಡೆಸಿದ್ದು, ಸಗಟಿನಲ್ಲಿ ದಿನಸಿ ತರಿಸಿ ಹಂಚಿಕೊಂಡದ್ದು, ತೊಟ್ಟಿಲು ಮತ್ತು ಮಗುವಿನ ಬಟ್ಟೆಗಳನ್ನು ಕೈಯಿಂದ ಕೈಗೆ ದಾಟಿಸಿದ್ದು ಎಲ್ಲ ಹೆಂಗಸರೇ. ಮಗು ನೋಡಿಕೊಳ್ಳುವುದಕ್ಕೂ ಒಂದು ಲೆಕ್ಕವಿತ್ತು: ಇವತ್ತು ನಿನ್ನ ಮಗುವನ್ನು ನಾನು ಎರಡು ಗಂಟೆ ನೋಡಿಕೊಂಡರೆ ನನ್ನ ಪಾಲಿಗೆ ಎರಡು ಗಂಟೆ ಜಮೆ, ನಾಳೆ ಅದನ್ನು ಮೂರನೆಯವಳ ಬಳಿ ಖರ್ಚು ಮಾಡಬಹುದು. ಮಲೆನಾಡಿನ ಹಳ್ಳಿಗಳಲ್ಲಿ ನಾಟಿಯ ಕಾಲಕ್ಕೆ ನಡೆಯುವ ಮುಯ್ಯಾಳು ಪದ್ಧತಿಯೇ ಇದು, ಗದ್ದೆಯ ಬದಲು ತೊಟ್ಟಿಲು.

ಇಂಥ ಕೇರಿಯೊಂದರಿಂದಲೇ ಸಮಾಜ ಮನೋವಿಜ್ಞಾನದ ಹೆಸರಾಂತ ಅಧ್ಯಯನವೊಂದು ಹುಟ್ಟಿತು. ಎಂಐಟಿ 1946ರಲ್ಲಿ ವಿವಾಹಿತ ವಿದ್ಯಾರ್ಥಿಗಳಿಗಾಗಿ ವೆಸ್ಟ್‌ಗೇಟ್ ಎಂಬ ಬಡಾವಣೆ ಕಟ್ಟಿಸಿತು: ನೂರು ಪುಟ್ಟ ಮನೆಗಳು. ಅದರ ಪಕ್ಕದಲ್ಲೇ ವೆಸ್ಟ್‌ಗೇಟ್ ವೆಸ್ಟ್: ನೌಕಾಪಡೆಯ ಹಳೆಯ ಬ್ಯಾರಕ್ಕುಗಳಿಂದ ಮಾಡಿದ 17 ಎರಡಂತಸ್ತಿನ ಕಟ್ಟಡಗಳು, ಒಂದೊಂದರಲ್ಲಿ ಹತ್ತು ಮನೆ. ಲಿಯಾನ್ ಫೆಸ್ಟಿಂಗರ್, ಸ್ಟ್ಯಾನ್ಲಿ ಷಾಕ್ಟರ್, ಕರ್ಟ್ ಬ್ಯಾಕ್ ಎಂಬ ಮೂವರು ಸಂಶೋಧಕರು ಈ ಮನೆಗಳವರನ್ನು ಒಂದು ಸರಳ ಪ್ರಶ್ನೆ ಕೇಳಿದರು: ನೀವು ಹೆಚ್ಚಾಗಿ ಒಡನಾಡುವ ಮೂವರು ಯಾರು? 1950ರಲ್ಲಿ ಪುಸ್ತಕವಾಗಿ ಬಂದ ಉತ್ತರ, ಸ್ನೇಹ ಎಂದರೆ ಮನಸ್ಸು ಮನಸ್ಸು ಬೆರೆಯುವುದು ಎಂದು ನಂಬಿದವರಿಗೆ ಸ್ವಲ್ಪ ನಿರಾಸೆ ತರುವಂಥದು. ಒಂದೇ ಅಂತಸ್ತಿನಲ್ಲಿ ಪಕ್ಕದ ಬಾಗಿಲಿನವರನ್ನು ಸ್ನೇಹಿತರೆಂದು ಹೆಸರಿಸಿದ ಪ್ರಮಾಣ ಶೇ. 41, ಒಂದು ಬಾಗಿಲು ಬಿಟ್ಟು ಆಚೆಯವರಾದರೆ ಶೇ. 22, ಮೊಗಸಾಲೆಯ ಆ ತುದಿ ಈ ತುದಿಯವರಾದರೆ ಶೇ. 10. ಮಹಡಿಯ ಮೆಟ್ಟಿಲಿನ ಬುಡದಲ್ಲೋ ಟಪಾಲು ಪೆಟ್ಟಿಗೆಯ ಬಳಿಯೋ ಮನೆ ಸಿಕ್ಕವರಿಗೆ ಮಹಡಿಯ ಮೇಲಿನವರ ಗೆಳೆತನವೂ ಸಿಕ್ಕಿತು. ವೆಸ್ಟ್‌ಗೇಟಿನಲ್ಲಿ ಎಲ್ಲರ ಬಾಗಿಲು ಅಂಗಳದ ಕಡೆ ಇದ್ದು ತಮ್ಮದು ಮಾತ್ರ ಬೀದಿಯ ಕಡೆಗೆ ಇದ್ದವರಿಗೆ ಸ್ನೇಹಿತರು ಕಡಿಮೆ. ಮನೆ ಹಂಚಿದ್ದು ಸರದಿಯ ಪ್ರಕಾರ, ಯಾರೂ ನೆರೆಯನ್ನು ಆರಿಸಿಕೊಂಡವರಲ್ಲ. ದಿನಕ್ಕೆ ನಾಲ್ಕು ಸಲ ಎದುರಾಗುವುದು, ಹಾಲಿನ ಬಾಟಲಿ ಎತ್ತಿಕೊಳ್ಳುವಾಗ ಒಂದು ಮಾತು, ಒಗೆದ ಬಟ್ಟೆ ಹರವುವಾಗ ಇನ್ನೊಂದು ಮಾತು: ಗೆಳೆತನ ಬೆಳೆದದ್ದು ಹೀಗೆ. ಬಾಗಿಲು ಬೀದಿಗೆ ತೆರೆದವಳಿಗೆ ಸಂಘದ ಸಭೆ ಉಳಿದವರಿಗಿಂತ ಹೆಚ್ಚು ಬೇಕಾಗಿತ್ತು ಎಂದು ಊಹಿಸಬಹುದು.

ಸರ್ಕಾರ ಸಂಸಾರಸ್ಥ ವಿದ್ಯಾರ್ಥಿಗೆ ಕೊಡುತ್ತಿದ್ದ ತಿಂಗಳ 90 ಡಾಲರ್ ಸಾಲುತ್ತಿರಲಿಲ್ಲ. ಉಳಿದದ್ದನ್ನು ತುಂಬಿದವರು ಹೆಂಡತಿಯರು. ಶಾಲೆಯ ಮೇಷ್ಟ್ರುಗಿರಿ, ಆಸ್ಪತ್ರೆಯ ನರ್ಸ್ ಕೆಲಸ, ಅಂಗಡಿಯ ಕೌಂಟರು, ಎಲ್ಲಕ್ಕಿಂತ ಮೇಲಾಗಿ ವಿಶ್ವವಿದ್ಯಾಲಯದ್ದೇ ಕಚೇರಿಗಳಲ್ಲಿ ಟೈಪಿಸ್ಟ್ ಕೆಲಸ. ಕಾಲೇಜನ್ನು ಅರ್ಧಕ್ಕೆ ಬಿಟ್ಟು ಮದುವೆಯಾದವರು ಇವರಲ್ಲಿ ಕಡಿಮೆಯಿರಲಿಲ್ಲ. ಅಮೆರಿಕದ ಕಾಲೇಜುಗಳಲ್ಲಿ ಹೆಂಗಸರ ಪಾಲು 1920ರಲ್ಲಿ ಶೇ. 47 ಇದ್ದದ್ದು 1958ರಲ್ಲಿ ಶೇ. 35ಕ್ಕೆ ಇಳಿದಿತ್ತು.

ಸಂಬಳದ ಕೆಲಸ ಮುಗಿಸಿ ಬಂದ ಮೇಲೆ ಮನೆಯಲ್ಲಿ ಇನ್ನೊಂದು ಕಾದಿರುತ್ತಿತ್ತು: ಗಂಡನ ಥೀಸಿಸ್. ಕಂಪ್ಯೂಟರ್ ಬರುವ ಮುಂಚಿನ ಕಾಲದಲ್ಲಿ ಮುನ್ನೂರು ಪುಟದ ಪ್ರಬಂಧ ಟೈಪ್ ಮಾಡುವುದೆಂದರೆ ಏನು ಎಂದು ಈಗ ಊಹಿಸುವುದು ಕಷ್ಟ. ಒಂದು ಒಳ್ಳೆಯ ಕಾಗದ, ಅದರ ಕೆಳಗೆ ಕಾರ್ಬನ್, ತೆಳು ಕಾಗದ, ಮತ್ತೆ ಕಾರ್ಬನ್, ಮತ್ತೆ ಕಾಗದ. ಇಡೀ ಕಟ್ಟನ್ನು ಅಂಚು ಸರಿಹೊಂದಿಸಿ ಟೈಪ್‌ರೈಟರಿಗೆ ಉಣಿಸಬೇಕು. ಒಂದು ಅಕ್ಷರ ತಪ್ಪಿದರೆ ಪ್ರತಿಯೊಂದು ಪ್ರತಿಯಲ್ಲೂ ರಬ್ಬರಿನಿಂದ ಉಜ್ಜಿ ತಿದ್ದಬೇಕು. ಅಡಿಟಿಪ್ಪಣಿಗೆ ಎಷ್ಟು ಸಾಲು ಬೇಕೆಂದು ಪುಟದ ನೆತ್ತಿಯಲ್ಲಿರುವಾಗಲೇ ಎಣಿಸಿಟ್ಟುಕೊಳ್ಳಬೇಕು. ಮಾರ್ಗದರ್ಶಕರು ಒಂದು ಪ್ಯಾರಾ ಸೇರಿಸಿ ಎಂದರೆ ಅಲ್ಲಿಂದ ಅಧ್ಯಾಯದ ಕೊನೆಯವರೆಗೂ ಮತ್ತೆ ಮೊದಲಿನಿಂದ. ಈ ದುಡಿಮೆಗೆ ಸಂದದ್ದು ಮುನ್ನುಡಿಯ ಕೊನೆಯ ಸಾಲಿನಲ್ಲಿ ಹೆಸರೂ ಇಲ್ಲದ ಒಂದು ಕೃತಜ್ಞತೆ. 2017ರಲ್ಲಿ ವರ್ಜೀನಿಯಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಬ್ರೂಸ್ ಹೋಲ್ಸಿಂಗರ್ ಹಳೆಯ ವಿದ್ವತ್ ಗ್ರಂಥಗಳಿಂದ ಇಂಥ ಸಾಲುಗಳನ್ನು ಹೆಕ್ಕಿ ಟ್ವಿಟರಿನಲ್ಲಿ ಹಾಕಿದಾಗ, ಟೈಪ್ ಮಾಡಿದ್ದಕ್ಕೆ ವಂದನೆ ಪಡೆದ 'ನನ್ನ ಪತ್ನಿ'ಯರ ಮೆರವಣಿಗೆಯೇ ಹೊರಬಂತು. ಕೆಲವರು ಟೈಪ್ ಮಾತ್ರವಲ್ಲ, ಭಾಷಾಂತರ, ಸಂಪಾದನೆ, ಸಂಶೋಧನೆಯ ಕೆಲಸವನ್ನೂ ಮಾಡಿಕೊಟ್ಟವರು.

ಡೇಮ್ಸ್ ಕ್ಲಬ್ಬುಗಳು ಇದಕ್ಕೆ ತಮ್ಮದೇ ಆದ ಒಂದು ಪದವಿಯನ್ನು ಹುಟ್ಟಿಸಿದವು. ಪಿಎಚ್.ಡಿ.ಯನ್ನು ಅಣಕಿಸುವ ಪಿಎಚ್.ಟಿ. 'ಪುಟಿಂಗ್ ಹಬ್ಬಿ ಥ್ರೂ' ಎಂಬುದರ ಮೊದಲಕ್ಷರಗಳು. ಕನ್ನಡದಲ್ಲಿ ಹೇಳುವುದಾದರೆ ಗಂಡನನ್ನು ದಡ ಮುಟ್ಟಿಸಿದಾಕೆ. ಯುದ್ಧಾನಂತರದ ವರ್ಷಗಳಿಂದ ಅರವತ್ತರ ದಶಕದವರೆಗೆ ಅನೇಕ ವಿಶ್ವವಿದ್ಯಾಲಯಗಳಲ್ಲಿ ಘಟಿಕೋತ್ಸವದ ಆಸುಪಾಸಿನ ಒಂದು ಸಂಜೆ ಈ ಸಮಾರಂಭ ನಡೆಯುತ್ತಿತ್ತು. ಪ್ರಮಾಣಪತ್ರ ನೋಡಲು ಅಸಲಿ ಪದವಿಪತ್ರದಂತೆಯೇ. ದಪ್ಪ ಕಾಗದ, ಹಳೆಯ ಕಾಲದ ಅಕ್ಷರ, ಮುದ್ರೆ. ಎಷ್ಟೋ ಕಡೆ ವಿಶ್ವವಿದ್ಯಾಲಯದ ಅಧ್ಯಕ್ಷರು ಅಥವಾ ಡೀನ್ ಅದಕ್ಕೆ ನಿಜವಾಗಿಯೇ ಸಹಿ ಹಾಕುತ್ತಿದ್ದರು. ಒಬ್ಬೊಬ್ಬಳ ಹೆಸರನ್ನೂ ಕೂಗಿ ಕರೆದು ಕೊಡುವುದು. ಆ ಹೆಸರೂ ಆ ಕಾಲದ ರೂಢಿಯಂತೆ 'ಮಿಸೆಸ್' ಎಂಬುದರ ಮುಂದೆ ಗಂಡನ ಪೂರ್ತಿ ಹೆಸರು. ಎಲ್ಲರೂ ನಗುತ್ತಿದ್ದರು, ಫೋಟೊ ತೆಗೆಸಿಕೊಳ್ಳುತ್ತಿದ್ದರು. ಪಡೆದವರಲ್ಲಿ ಅನೇಕರು ಅದನ್ನು ಜೋಪಾನ ಮಾಡಿಟ್ಟುಕೊಂಡರು. ಹಾಸ್ಯದ ಕಾಗದವಾದರೂ, ಅವರ ದುಡಿಮೆಯನ್ನು ವಿಶ್ವವಿದ್ಯಾಲಯ ಬರಹದಲ್ಲಿ ಒಪ್ಪಿಕೊಂಡ ಕಾಗದ ಅದೊಂದೇ ಆಗಿತ್ತು.

1963ರಲ್ಲಿ ಪ್ರಕಟವಾದ 'ದ ಫೆಮಿನೈನ್ ಮಿಸ್ಟಿಕ್' ಪುಸ್ತಕದ ಮೊದಲ ಅಧ್ಯಾಯದಲ್ಲೇ ಬೆಟ್ಟಿ ಫ್ರೀಡನ್ ಈ ಪಿಎಚ್.ಟಿ.ಯನ್ನು ಎತ್ತಿಕೊಂಡಿದ್ದಾರೆ. ವಿವಾಹಿತ ವಿದ್ಯಾರ್ಥಿಗಳಿಗೆಂದು ಕಟ್ಟಿದ ವಸತಿಗಳಲ್ಲಿ ಓದುವವರು ಗಂಡಂದಿರೇ, ಹೆಂಡತಿಯರಿಗೆ ಈ ಅಣಕು ಪದವಿ ಎಂಬುದು ಅವರ ಚುಚ್ಚು. ಇಷ್ಟು ವರ್ಷ ನಗುತ್ತಾ ಕೊಟ್ಟು ನಗುತ್ತಾ ಪಡೆದದ್ದು ಆ ಪುಟದಲ್ಲಿ ನಗೆಯಾಗಿ ಉಳಿಯಲಿಲ್ಲ.

ಆಮೇಲಿನ ವರ್ಷಗಳಲ್ಲಿ ಡೇಮ್ಸ್ ಕ್ಲಬ್ಬುಗಳು ಒಂದೊಂದಾಗಿ ಮುಚ್ಚಿದವು. ಯಾರೂ ಅವನ್ನು ವಿರೋಧಿಸಿ ಮುಚ್ಚಿಸಿದ್ದಲ್ಲ, ಬರುವವರು ಇಲ್ಲವಾದರು. ಮದುವೆಯ ವಯಸ್ಸು ಮುಂದೆ ಹೋಯಿತು. 1960ರಲ್ಲಿ ಮಾರುಕಟ್ಟೆಗೆ ಬಂದ ಗರ್ಭನಿರೋಧಕ ಮಾತ್ರೆ ಹೆಂಗಸರಿಗೆ ಓದಿನ ವರ್ಷಗಳನ್ನು ಲೆಕ್ಕಹಾಕಿಕೊಳ್ಳುವ ಅವಕಾಶ ಕೊಟ್ಟಿತು. ಸರ್ಕಾರದ ಹಣ ಪಡೆಯುವ ವಿದ್ಯಾಸಂಸ್ಥೆಗಳು ಹೆಣ್ಣು ಗಂಡೆಂದು ಭೇದ ಮಾಡಬಾರದು ಎಂಬ ಟೈಟಲ್ ನೈನ್ ಕಾನೂನು 1972ರಲ್ಲಿ ಬಂದ ಮೇಲೆ ವೈದ್ಯಕೀಯ, ಕಾನೂನು ಕಾಲೇಜುಗಳ ಬಾಗಿಲು ಅಗಲವಾಯಿತು. ವಿದ್ಯಾರ್ಥಿಯ ಹೆಂಡತಿ ಈಗ ತಾನೇ ವಿದ್ಯಾರ್ಥಿನಿ, ಅಥವಾ ಸಂಜೆ ದಣಿದು ಬರುವ ನೌಕರಸ್ಥೆ. ಮಧ್ಯಾಹ್ನ ಮೂರಕ್ಕೆ ಕೈಗವಸು ತೊಟ್ಟು ಟೀಗೆ ಹೋಗಲು ಯಾರಿಗೂ ಪುರುಸೊತ್ತಿರಲಿಲ್ಲ.

ಕ್ಲಬ್ಬು ಮುಚ್ಚಿದರೂ ಪಿಎಚ್.ಟಿ. ಎತ್ತಿದ ಪ್ರಶ್ನೆ ಮುಚ್ಚಲಿಲ್ಲ. ಅದು ನ್ಯಾಯಾಲಯಕ್ಕೆ ಹೋಯಿತು. ಹೆಂಡತಿಯ ದುಡಿಮೆಯಲ್ಲಿ ಓದಿ ಪದವಿ ಪಡೆದ ಗಂಡ ಮರುಗಳಿಗೆ ವಿಚ್ಛೇದನ ಕೇಳಿದರೆ ಏನು ಗತಿ? ಮನೆಯಿಲ್ಲ, ಉಳಿತಾಯವಿಲ್ಲ, ಇರುವುದೆಲ್ಲ ಅವನ ತಲೆಯೊಳಗಿನ ವಿದ್ಯೆ. ನ್ಯೂಜೆರ್ಸಿಯ ಸುಪ್ರೀಂ ಕೋರ್ಟ್ 1982ರಲ್ಲಿ ಎಂಬಿಎ ಪದವಿಯ ಪ್ರಕರಣವೊಂದರಲ್ಲಿ, ಪದವಿಯನ್ನು ಆಸ್ತಿಯೆಂದು ಹಂಚಲಾಗದು, ಆದರೆ ಓದಿಸಲು ಖರ್ಚು ಮಾಡಿದ್ದನ್ನು ಮರಳಿಸುವಂಥ ಜೀವನಾಂಶ ಕೊಡಿಸಬಹುದು ಎಂದಿತು. ಕ್ಯಾಲಿಫೋರ್ನಿಯಾ ಇದನ್ನು ಕಾನೂನಾಗಿಯೇ ಬರೆದುಕೊಂಡಿತು.

ಎಲ್ಲಕ್ಕಿಂತ ಮುಂದೆ ಹೋದದ್ದು ನ್ಯೂಯಾರ್ಕಿನ ಉಚ್ಚ ನ್ಯಾಯಪೀಠ, 1985ರ ಒಬ್ರಿಯನ್ ಪ್ರಕರಣದಲ್ಲಿ. 1971ರಲ್ಲಿ ಮದುವೆಯಾದಾಗ ಗಂಡ ಹೆಂಡತಿ ಇಬ್ಬರೂ ಒಂದೇ ಖಾಸಗಿ ಶಾಲೆಯ ಉಪಾಧ್ಯಾಯರು. ಗಂಡ ಮೆಕ್ಸಿಕೋದ ಗ್ವಾಡಲಹಾರದಲ್ಲಿ ವೈದ್ಯಕೀಯ ಓದಲು ಹೊರಟ. ಹೆಂಡತಿ ತನ್ನ ಕಾಯಂ ಶಿಕ್ಷಕ ಅರ್ಹತೆಯ ಓದನ್ನು ಕೈಬಿಟ್ಟು ಅಲ್ಲಿಗೂ ಹೋಗಿ ಪಾಠ ಹೇಳಿ ಸಂಸಾರ ನಡೆಸಿದಳು. ವಿದ್ಯಾರ್ಥಿ ಸಾಲವನ್ನು ಬಿಟ್ಟರೆ ಆ ವರ್ಷಗಳ ಆದಾಯದಲ್ಲಿ ಶೇ. 76 ಅವಳದು ಎಂದು ನ್ಯಾಯಾಲಯ ಲೆಕ್ಕ ಹಾಕಿತು. 1980ರ ಅಕ್ಟೋಬರಿನಲ್ಲಿ ಅವನಿಗೆ ವೈದ್ಯ ವೃತ್ತಿಯ ಪರವಾನಗಿ ಬಂತು. ಎರಡು ತಿಂಗಳಿಗೆ ವಿಚ್ಛೇದನದ ಅರ್ಜಿ. ಪರವಾನಗಿಯೇ ದಾಂಪತ್ಯದ ಆಸ್ತಿ ಎಂದ ಪೀಠ ಅದರ ಬೆಲೆಯನ್ನು 4,72,000 ಡಾಲರ್ ಎಂದು ಒಪ್ಪಿ, ಅದರ ಶೇ. 40 ಭಾಗವಾದ 1,88,800 ಡಾಲರನ್ನು 11 ವಾರ್ಷಿಕ ಕಂತುಗಳಲ್ಲಿ ಹೆಂಡತಿಗೆ ಕೊಡಿಸುವ ತೀರ್ಪನ್ನು ಎತ್ತಿಹಿಡಿಯಿತು. ಉಳಿದ ರಾಜ್ಯಗಳು ಈ ದಾರಿಯನ್ನು ಅನುಸರಿಸಲಿಲ್ಲ. ಮುಂದಿನ ಮೂವತ್ತು ವರ್ಷದ ಗಳಿಕೆಯನ್ನು ಇಂದೇ ಊಹಿಸಿ ಪಾಲು ಹಾಕುವುದು ಸರಿಯಲ್ಲ ಎಂಬ ವಾದಕ್ಕೂ ತೂಕವಿತ್ತು. ಕೊನೆಗೆ ನ್ಯೂಯಾರ್ಕ್ ಶಾಸನಸಭೆಯೇ 2015ರ ತಿದ್ದುಪಡಿಯಲ್ಲಿ ಈ ನಿಯಮವನ್ನು ಕೈಬಿಟ್ಟಿತು. ಓದಿಸಿದ ಸಂಗಾತಿಯ ಕೊಡುಗೆಯನ್ನು ಆಸ್ತಿ ಹಂಚುವಾಗ ಗಮನಿಸಬೇಕು ಎಂಬಷ್ಟು ಮಾತ್ರ ಉಳಿಯಿತು.

ಡೇಮ್ಸ್ ಖಾಲಿ ಮಾಡಿದ ಜಾಗಕ್ಕೆ ಅಷ್ಟರಲ್ಲಿ ಬೇರೆಯವರು ಬಂದಿದ್ದರು. 1965ರ ವಲಸೆ ಕಾಯ್ದೆಯ ಕಾಲದಿಂದ ಅಮೆರಿಕದ ಸಂಶೋಧನಾ ವಿಭಾಗಗಳಲ್ಲಿ ಏಷ್ಯಾದ ವಿದ್ಯಾರ್ಥಿಗಳು ಹೆಚ್ಚುತ್ತಾ ಹೋದರು. ಎಂಐಟಿಯ ವೈದ್ಯಕೀಯ ವಿಭಾಗದ ಆಸರೆಯಲ್ಲಿ 1972ರಲ್ಲಿ ವೈವ್ಸ್ ಗ್ರೂಪ್ ಎಂಬ ಕೂಟ ಶುರುವಾಯಿತು. ಅದೀಗ ಗಂಡಂದಿರನ್ನೂ ಮದುವೆಯಾಗದ ಜೊತೆಗಾರರನ್ನೂ ಒಳಗೊಂಡು ಸ್ಪೌಸಸ್ ಅಂಡ್ ಪಾರ್ಟ್‌ನರ್ಸ್ ಕನೆಕ್ಟ್ ಎಂಬ ಹೆಸರಿನಲ್ಲಿ ನಡೆಯುತ್ತಿದೆ. ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ ನ್ಯೂಕಮರ್ಸ್ ಕ್ಲಬ್ ಇದೇ ಕೆಲಸ ಮಾಡುತ್ತದೆ. ಈ ಹೊಸ ಕೂಟಗಳಲ್ಲಿ ಕೈಗವಸಿಲ್ಲ. ಇಂಗ್ಲಿಷ್ ಮಾತಿನ ಅಭ್ಯಾಸ, ಮಗುವಿನ ಲಸಿಕೆ ಎಲ್ಲಿ ಹಾಕಿಸಬೇಕು ಎಂಬ ವಿಚಾರಣೆ, ಹಿಮದಲ್ಲಿ ಬಸ್ ನಿಲ್ದಾಣಕ್ಕೆ ಹೋಗುವ ದಾರಿ, ಅರ್ಜಿ ಬರೆಯುವ ಕ್ರಮ. 2013ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಸಲಿಂಗ ವಿವಾಹದ ಕುರಿತ ವಿಂಡ್ಸರ್ ಪ್ರಕರಣದ ತೀರ್ಪು ಕೊಟ್ಟ ಮೇಲೆ ಸಲಿಂಗ ದಂಪತಿಗಳಲ್ಲಿ ಒಬ್ಬರು ಓದಲು ಬಂದರೆ ಇನ್ನೊಬ್ಬರಿಗೂ ಸಂಗಾತಿಯ ವೀಸಾ ಸಿಗುವಂತಾಯಿತು.

ಹಳೆಯ ಡೇಮ್‌ಗೂ ಈ ಹೊಸಬರಿಗೂ ದೊಡ್ಡ ವ್ಯತ್ಯಾಸವೊಂದಿದೆ. ಅವಳು ದುಡಿದು ಗಂಡನನ್ನು ಓದಿಸಿದಳು. ಇವರಿಗೆ ದುಡಿಯುವ ಅನುಮತಿಯೇ ಇಲ್ಲ. ವಿದ್ಯಾರ್ಥಿಯದು ಎಫ್-1 ವೀಸಾ, ಜೊತೆಗೆ ಬಂದವರದು ಎಫ್-2. ಎಫ್-2 ವೀಸಾದವರು ಸಂಬಳದ ಯಾವ ಕೆಲಸವನ್ನೂ ಮಾಡುವಂತಿಲ್ಲ. ಆ ದೇಶದಲ್ಲಿ ಹೆಜ್ಜೆಹೆಜ್ಜೆಗೂ ಕೇಳುವ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆಯೂ ಅವರಿಗೆ ಸಿಗದು. ವಿನಿಮಯ ಯೋಜನೆಯಡಿ ಬರುವವರ ಸಂಗಾತಿಗಳಿಗೆ ಸಿಗುವ ಜೆ-2 ವೀಸಾದಲ್ಲಿ ಕೆಲಸದ ಅನುಮತಿಗೆ ಅರ್ಜಿ ಹಾಕಬಹುದು. ಒಂದೇ ಕಟ್ಟಡದ ಎರಡು ಮನೆಗಳಲ್ಲಿ ಒಬ್ಬಳು ಕೆಲಸಕ್ಕೆ ಹೋಗುವುದು, ಇನ್ನೊಬ್ಬಳು ಕಿಟಕಿಯಿಂದ ನೋಡುತ್ತಾ ನಿಲ್ಲುವುದು ವೀಸಾದ ಮೇಲಿನ ಒಂದು ಅಕ್ಷರದಿಂದ ನಿರ್ಧಾರವಾಗುತ್ತದೆ.

ಕನ್ನಡಿಗರಿಗೆ ಈ ಸಂಗತಿ ದೂರದ್ದಲ್ಲ. 2023–24ರಲ್ಲಿ ಅಮೆರಿಕಕ್ಕೆ ಅತಿ ಹೆಚ್ಚು ವಿದ್ಯಾರ್ಥಿಗಳನ್ನು ಕಳಿಸಿದ ದೇಶ ಭಾರತ: 3,31,602 ಮಂದಿ. ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳಿಂದ ಎಂ.ಎಸ್., ಪಿಎಚ್.ಡಿ.ಗೆ ಹೋದವರ ಜೊತೆ ಎಂಜಿನಿಯರಿಂಗ್ ಓದಿ ಇಲ್ಲಿ ಒಳ್ಳೆಯ ಕೆಲಸದಲ್ಲಿದ್ದ ಮಡದಿ ರಾಜೀನಾಮೆ ಕೊಟ್ಟು ಹೋಗುವುದು ಎಷ್ಟೋ ಮನೆಗಳ ಕತೆ. ಅಲ್ಲಿ ಅವರ ಕೈಹಿಡಿಯುವುದು ವಿಶ್ವವಿದ್ಯಾಲಯದ ಸಂಘಕ್ಕಿಂತ ಮೊದಲು ಊರಿನ ಕನ್ನಡ ಕೂಟ. ಯುಗಾದಿಯ ಬೇವು ಬೆಲ್ಲ, ರಾಜ್ಯೋತ್ಸವದ ನಾಟಕ, ಪಾರ್ಟಿ ಮುಗಿದ ಮೇಲೆ ಡಬ್ಬಿಯಲ್ಲಿ ಕಟ್ಟಿಕೊಡುವ ಬಿಸಿಬೇಳೆಬಾತು. ಹಲವು ಕೂಟಗಳು ವಿದ್ಯಾರ್ಥಿ ಸಂಸಾರಗಳಿಗೆ ಕಡಿಮೆ ಚಂದಾ ಇಟ್ಟಿವೆ. ಕನ್ನಡ ಕಲಿ ತರಗತಿಗಳಲ್ಲಿ ವಾರಾಂತ್ಯ ಮಕ್ಕಳಿಗೆ ಅಕ್ಷರ ತಿದ್ದಿಸುವವರಲ್ಲಿ, ನಾಟಕದ ಬಣ್ಣ ಹಚ್ಚುವವರಲ್ಲಿ ಹೀಗೆ ಬಂದವರೂ ಇದ್ದಾರೆ. ಸಂಬಳವಿಲ್ಲದ ಸೇವೆಗೆ ವೀಸಾದ ಅಡ್ಡಿಯಿಲ್ಲ.

ಇತ್ತೀಚಿನ ವರ್ಷಗಳಲ್ಲಿ ಪ್ರಶ್ನೆ ಸಂಗಾತಿ ಅಲ್ಲಿ ಏನು ಮಾಡಬೇಕು ಎಂಬುದರಿಂದ, ಸಂಗಾತಿ ಬರಬಹುದೇ ಎಂಬಲ್ಲಿಗೆ ಹಿಂದೆ ಸರಿದಿದೆ. ಬ್ರಿಟನ್ 2024ರ ಜನವರಿಯಿಂದ ಪಾಠಕ್ರಮದ ಸ್ನಾತಕೋತ್ತರ ಪದವಿಗೆ ಬರುವವರು ಗಂಡ, ಹೆಂಡತಿ, ಮಕ್ಕಳನ್ನು ಕರೆತರುವುದನ್ನು ನಿಲ್ಲಿಸಿತು. ಸಂಶೋಧನಾ ಪದವಿಯವರಿಗೆ ವಿನಾಯಿತಿ ಕೊಟ್ಟಿತು. ಕೆನಡಾ ಅದೇ ವರ್ಷ ವಿದ್ಯಾರ್ಥಿಗಳ ಸಂಗಾತಿಗಳಿಗೆ ಕೊಡುತ್ತಿದ್ದ ಕೆಲಸದ ಪರವಾನಗಿಯನ್ನು ಮೊಟಕುಗೊಳಿಸಿತು. 2025ರ ಜನವರಿಯಿಂದ ಸ್ನಾತಕೋತ್ತರ ಓದು ಕನಿಷ್ಠ 16 ತಿಂಗಳಿನದಾಗಿದ್ದರೆ ಮಾತ್ರ ಸಂಗಾತಿಗೆ ಪರವಾನಗಿ. ಅಮೆರಿಕದಲ್ಲಿ ಕೆಲಸದ ಬಾಗಿಲು ಮುಚ್ಚಿದ್ದರೂ ಓದಿನ ಬಾಗಿಲು ತುಸು ತೆರೆದಿದೆ: 2015ರ ಮೇ ತಿಂಗಳಿನಿಂದ ಎಫ್-2 ವೀಸಾದವರು ಕಾಲೇಜಿಗೆ ಸೇರಿ ಓದಬಹುದು. ಪೂರ್ಣಾವಧಿಯಲ್ಲ, ಅರೆಕಾಲಿಕವಾಗಿ ಮಾತ್ರ.